ದಡದ ಮೇಲಿನ ನಾವಿಕರು

ಒಂದು ಮೀಟರ್ ಉದ್ದದ ದೋಣಿ, ಕೈಯಲ್ಲೊಂದು ರೇಡಿಯೊ ಪೆಟ್ಟಿಗೆ, ಎದುರಿಗೆ ಗಾಳಿ. ರೇಡಿಯೊ ಹಾಯಿದೋಣಿ ರೆಗಟ್ಟಾಗಳಲ್ಲಿ ಗೆಲ್ಲಲು ತೋಳ್ಬಲ ಬೇಕಿಲ್ಲ, ವಯಸ್ಸೂ ಅಡ್ಡ ಬರುವುದಿಲ್ಲ. ಬೇಕಾದದ್ದು ನೀರನ್ನು ಓದಬಲ್ಲ ಕಣ್ಣು.

ರೇಡಿಯೊ ನಿಯಂತ್ರಿತ ದೋಣಿ ಎಂದ ತಕ್ಷಣ ಮಕ್ಕಳ ರಿಮೋಟ್ ಕಾರು ಕಣ್ಣ ಮುಂದೆ ಬರುತ್ತದೆ. ಆ ಕಾರನ್ನು ಓಡಿಸುವುದು ಬ್ಯಾಟರಿ. ಹಾಯಿದೋಣಿಯಲ್ಲೂ ಒಂದು ಸಣ್ಣ ಬ್ಯಾಟರಿ ಇದೆ, ಆದರೆ ದೋಣಿಯನ್ನು ಮುಂದಕ್ಕೆ ತಳ್ಳುವುದರಲ್ಲಿ ಅದರ ಪಾಲು ಏನೇನೂ ಇಲ್ಲ. ಪ್ರೊಪೆಲರ್ ಇಲ್ಲ, ಇಂಜಿನ್ ಇಲ್ಲ. ಒಳಗಿರುವುದು ಎರಡು ಪುಟ್ಟ ಯಂತ್ರಗಳು: ಚುಕ್ಕಾಣಿ ತಿರುಗಿಸುವ ಸರ್ವೊ ಒಂದು, ಹಾಯಿಯ ಹಗ್ಗವನ್ನು ಎಳೆದು ಬಿಡುವ ವಿಂಚ್ ಇನ್ನೊಂದು. ದಡದ ಮೇಲೆ ನಿಂತವರ ಕೈಗೆ ಸಿಗುವ ಅಧಿಕಾರ ಇಷ್ಟೇ. ಎಡ ಬಲಕ್ಕೆ ತಿರುಗಿಸಬಹುದು, ಹಾಯಿಯನ್ನು ಬಿಗಿಗೊಳಿಸಬಹುದು ಇಲ್ಲವೇ ಸಡಿಲಿಸಬಹುದು. ಉಳಿದದ್ದೆಲ್ಲ ಗಾಳಿಯ ಕೆಲಸ.

ಇಷ್ಟರಿಂದಲೇ ವಿಶ್ವ ಚಾಂಪಿಯನ್‌ಷಿಪ್ ನಡೆಯುತ್ತದೆ ಎಂದರೆ ಮೊದಲ ಬಾರಿ ಕೇಳಿದವರಿಗೆ ಅಚ್ಚರಿಯಾಗಬಹುದು. ಆದರೆ ಇದು ಹಾಯಿದೋಣಿ ಕ್ರೀಡೆಯ ಪೂರ್ಣ ಪ್ರಮಾಣದ ಶಾಖೆ. ಒಲಿಂಪಿಕ್ ಹಾಯಿದೋಣಿ ಸ್ಪರ್ಧೆಗಳ ನಿಯಮ ರೂಪಿಸುವ ವರ್ಲ್ಡ್ ಸೇಲಿಂಗ್ ಸಂಸ್ಥೆಯ ನಿಯಮ ಪುಸ್ತಕದಲ್ಲಿ ರೇಡಿಯೊ ದೋಣಿಗಳಿಗೆಂದೇ ಒಂದು ಅನುಬಂಧವಿದೆ. ಇಂಟರ್‌ನ್ಯಾಷನಲ್ ರೇಡಿಯೊ ಸೇಲಿಂಗ್ ಅಸೋಸಿಯೇಷನ್ ಈ ಕ್ರೀಡೆಯ ಅಂತರರಾಷ್ಟ್ರೀಯ ವರ್ಗಗಳನ್ನು ನೋಡಿಕೊಳ್ಳುತ್ತದೆ. ಹಾಯಿದೋಣಿ ಸ್ಪರ್ಧೆಯ ಜಾಣ್ಮೆಯನ್ನು ಇಷ್ಟು ಶುದ್ಧವಾಗಿ ತೋರಿಸುವ ಇನ್ನೊಂದು ರೂಪ ಇಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಕುಗ್ಗಿಸಿದರೆ ಉರುಳುವ ದೋಣಿ

ಇಂದು ಜಗತ್ತಿನಾದ್ಯಂತ ಹೆಚ್ಚು ಪೈಪೋಟಿ ಇರುವುದು 'ಇಂಟರ್‌ನ್ಯಾಷನಲ್ ಒನ್ ಮೀಟರ್' ವರ್ಗದಲ್ಲಿ. ಆಡುಮಾತಿನಲ್ಲಿ ಐಒಎಂ. 1988ರಲ್ಲಿ ರೂಪುಗೊಂಡ ಈ ವರ್ಗದ ದೋಣಿಯ ಒಡಲು 1000 ಮಿಲಿಮೀಟರ್ ಮೀರುವಂತಿಲ್ಲ. ಒಟ್ಟು ತೂಕ 4 ಕಿಲೊಗಿಂತ ಕಡಿಮೆ ಇರುವಂತಿಲ್ಲ. ಅದರಲ್ಲಿ 2.2ರಿಂದ 2.5 ಕಿಲೊ ತೂಕ ಇರುವುದು ನೀರಿನಡಿಯ ತೆಳು ರೆಕ್ಕೆ ಮತ್ತು ಅದರ ತುದಿಗೆ ಕಚ್ಚಿಸಿದ ಸೀಸದ ಗುಂಡಿನಲ್ಲಿ. ಅಂದರೆ ದೋಣಿಯ ಅರ್ಧಕ್ಕೂ ಹೆಚ್ಚು ಭಾರ ನೋಡುವವರ ಕಣ್ಣಿಗೇ ಬೀಳುವುದಿಲ್ಲ.

ಇಷ್ಟು ಸೀಸ ಏಕೆ? ಉತ್ತರ ಶಾಲೆಯ ಗಣಿತದಲ್ಲೇ ಇದೆ. ಹತ್ತು ಮೀಟರ್ ಉದ್ದದ ಒಂದು ದೊಡ್ಡ ಹಾಯಿದೋಣಿಯನ್ನು ಎಲ್ಲ ಅಳತೆಯಲ್ಲೂ ಹತ್ತನೇ ಒಂದರಷ್ಟು ಕುಗ್ಗಿಸಿದೆವು ಎನ್ನಿ. ಹಾಯಿ ಒಂದು ಮೇಲ್ಮೈ. ಉದ್ದವೂ ಅಗಲವೂ ಹತ್ತರಲ್ಲೊಂದಾಗುವುದರಿಂದ ಅದರ ವಿಸ್ತೀರ್ಣ ನೂರರಲ್ಲಿ ಒಂದಾಗುತ್ತದೆ. ತೂಕ ಗಾತ್ರವನ್ನು ಅವಲಂಬಿಸಿದ್ದು, ಅದು ಸಾವಿರದಲ್ಲಿ ಒಂದಾಗುತ್ತದೆ. ಈಗ ಗಾಳಿ ದೋಣಿಯನ್ನು ಮಗುಚಲು ಹಾಕುವ ಬಲ ನೋಡೋಣ. ಅದು ಹಾಯಿಯ ವಿಸ್ತೀರ್ಣವನ್ನು ಹಾಯಿಯ ಎತ್ತರದಿಂದ ಗುಣಿಸಿದಷ್ಟು, ಅಂದರೆ ಸಾವಿರದಲ್ಲಿ ಒಂದು. ದೋಣಿಯನ್ನು ನೆಟ್ಟಗೆ ನಿಲ್ಲಿಸುವ ಬಲ ತೂಕವನ್ನು ಅದರ ಆಳದಿಂದ ಗುಣಿಸಿದಷ್ಟು. ಅದು ಹತ್ತು ಸಾವಿರದಲ್ಲಿ ಒಂದು. ದೊಡ್ಡ ದೋಣಿಯನ್ನು ಇದ್ದ ಹಾಗೇ ಚಿಕ್ಕದು ಮಾಡಿದರೆ, ಅದೇ ಗಾಳಿಗೆ ಅದು ಹತ್ತು ಪಟ್ಟು ಸುಲಭವಾಗಿ ಉರುಳುತ್ತದೆ.

ಆದ್ದರಿಂದ ಸ್ಪರ್ಧೆಯ ದೋಣಿ ಯಾವುದೋ ದೊಡ್ಡ ದೋಣಿಯ ಪ್ರತಿಕೃತಿ ಆಗಿರಲು ಸಾಧ್ಯವೇ ಇಲ್ಲ. ಅದು ತನ್ನದೇ ಲೆಕ್ಕಾಚಾರದಲ್ಲಿ ಹುಟ್ಟಿದ ದೋಣಿ. ಒಂದು ಮೀಟರ್ ಉದ್ದದ ಒಡಲಿಗೆ ನೀರಿನಡಿ 42 ಸೆಂಟಿಮೀಟರ್ ಆಳದವರೆಗೆ ಇಳಿಯುವ ರೆಕ್ಕೆ, ಮೇಲೆ ಒಂದೂವರೆ ಮೀಟರ್ ದಾಟಿದ ಹಾಯಿಕಂಬ. ಒಡಲಾದರೋ ಸಪೂರ, ಹಗುರ. ನೀರಿನಿಂದ ಎತ್ತಿ ಸ್ಟ್ಯಾಂಡಿನ ಮೇಲಿಟ್ಟಾಗ ಅದರ ವಿಚಿತ್ರ ಪ್ರಮಾಣ ಗೊತ್ತಾಗುತ್ತದೆ.

ಹೀಗಿದ್ದೂ ಗಾಳಿ ಏರಿದರೆ ಪೂರ್ಣ ಹಾಯಿ ಭಾರವಾಗುತ್ತದೆ. ಅದಕ್ಕೇ ಪ್ರತಿ ಐಒಎಂ ದೋಣಿಗೂ ಮೂರು ಸೆಟ್ ಹಾಯಿಗಳಿಗೆ ಅವಕಾಶವಿದೆ. ನಂಬರ್ ಒನ್ ಅಥವಾ 'ಎ' ರಿಗ್‌ನ ಎರಡೂ ಹಾಯಿ ಸೇರಿದರೆ ಸುಮಾರು 0.6 ಚದರ ಮೀಟರ್. 'ಬಿ' ಅದಕ್ಕಿಂತ ಕುಳ್ಳು, 'ಸಿ' ಬಿರುಗಾಳಿಗೆ. ಬೆಳಗಿನ ತಿಳಿಗಾಳಿಗೆ ಎ ಹಾಕಿ ಹೊರಟವರು ಮಧ್ಯಾಹ್ನ ಬಿ ಹಾಕಬೇಕಾಗಬಹುದು. ಒಂದು ರೇಸಿಗೂ ಇನ್ನೊಂದಕ್ಕೂ ನಡುವೆ ಸಿಗುವ ಕೆಲವೇ ನಿಮಿಷಗಳಲ್ಲಿ, ಎದುರಾಳಿಗಳು ಏನು ಹಾಕುತ್ತಿದ್ದಾರೆಂದು ಓರೆಗಣ್ಣಿನಿಂದ ನೋಡುತ್ತಾ, ಆಕಾಶವನ್ನೂ ನೋಡುತ್ತಾ ತೀರ್ಮಾನಿಸಬೇಕು. ದೊಡ್ಡ ಹಾಯಿ ಇಟ್ಟುಕೊಂಡವರಿಗೆ ಗಾಳಿ ಬಿದ್ದರೆ ಲಾಭ. ಏರಿದರೆ, ಗಾಳಿ ಬೆನ್ನಿಗಿರುವಾಗ ದೋಣಿಯ ಮೂತಿ ನೀರಿಗೆ ಹೊಕ್ಕು ಇಡೀ ದೋಣಿ ನಿಂತೇಬಿಡುತ್ತದೆ. ಎತ್ತರದ ಹಾಯಿಯನ್ನು ಗಾಳಿ ಮುಂದಕ್ಕೆ ದೂಡುತ್ತದೆ, ಪುಟ್ಟ ಮೂತಿಗೆ ಅದನ್ನು ತಡೆಯುವಷ್ಟು ತೇಲುವಿಕೆ ಇರುವುದಿಲ್ಲ.

ಒಡಲಿಗೂ ಕಂಬಕ್ಕೂ ಕಾರ್ಬನ್ ಫೈಬರ್ ಬಳಸದಂತೆ ವರ್ಗದ ನಿಯಮ ತಡೆಯುತ್ತದೆ. ಒಡಲಿಗೆ ಗಾಜಿನ ನಾರು ಅಥವಾ ಮರ, ಕಂಬಕ್ಕೆ ಅಲ್ಯುಮಿನಿಯಂ ಅಥವಾ ಮರ. ದುಡ್ಡು ಸುರಿದವರೇ ಗೆಲ್ಲುವಂತಾಗಬಾರದು ಎಂಬುದು ಇದರ ಹಿಂದಿನ ಉದ್ದೇಶ. ಈ ಮಿತಿಯೊಳಗೆ ಒಡಲಿನ ಆಕಾರವನ್ನು ಯಾರು ಬೇಕಾದರೂ ವಿನ್ಯಾಸ ಮಾಡಬಹುದು. ಕ್ರೊಯೇಷಿಯಾದ ಜ್ವೊಂಕೊ ಯೆಲಾಚಿಚ್, ನ್ಯೂಜಿಲೆಂಡಿನ ಇಯಾನ್ ವಿಕರ್ಸ್, 'ಬ್ರಿಟ್‌ಪಾಪ್' ದೋಣಿಯ ಬ್ರಾಡ್ ಗಿಬ್ಸನ್ ಮುಂತಾದವರು ತಾವೇ ದೋಣಿ ರೂಪಿಸಿ, ತಾವೇ ಅಂತರರಾಷ್ಟ್ರೀಯ ರೇಸುಗಳಲ್ಲಿ ನಡೆಸಿದವರು. ಮೊದಲ ದೋಣಿ ಕೊಳ್ಳುವವರಿಗೆ ಇದಕ್ಕಿಂತ ಸರಳವಾದ ದಾರಿಯೂ ಉಂಟು. 65 ಸೆಂಟಿಮೀಟರ್ ಉದ್ದದ 'ಡ್ರ್ಯಾಗನ್‌ಫೋರ್ಸ್ 65' ಕಾರ್ಖಾನೆಯಿಂದ ಬಂದ ರೂಪದಲ್ಲೇ ಓಡಬೇಕಾದ ದೋಣಿ. ಅಲ್ಲಿ ಎಲ್ಲರದ್ದೂ ಒಂದೇ ಅಚ್ಚು, ವ್ಯತ್ಯಾಸವೇನಿದ್ದರೂ ನಡೆಸುವವರದ್ದು.

ಕೋಲು ಹಿಡಿದು ಓಡುತ್ತಿದ್ದ ಕಾಲ

ರೇಡಿಯೊ ಬರುವ ಮೊದಲೂ ಮಾದರಿ ದೋಣಿಗಳ ರೇಸ್ ಇತ್ತು. ಲಂಡನ್ನಿನ ಕೆನ್ಸಿಂಗ್ಟನ್ ಗಾರ್ಡನ್ಸ್‌ನ ರೌಂಡ್ ಪಾಂಡ್‌ನಲ್ಲಿ ಹತ್ತೊಂಬತ್ತನೇ ಶತಮಾನದಲ್ಲೇ ಹಿರಿಯರೂ ಮಕ್ಕಳೂ ದೋಣಿ ಬಿಡುತ್ತಿದ್ದರು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಕೊಳವನ್ನು ಇ. ಬಿ. ವೈಟ್ 1945ರಲ್ಲಿ ತಮ್ಮ ಮಕ್ಕಳ ಕಾದಂಬರಿ 'ಸ್ಟುವರ್ಟ್ ಲಿಟಲ್'ಗೆ ತಂದರು. ಅಲ್ಲಿ ಪುಟಾಣಿ ನಾಯಕ ಮಾದರಿ ದೋಣಿಯೇರಿ ರೇಸ್ ಗೆಲ್ಲುತ್ತಾನೆ.

ಆಗ ದೋಣಿಯನ್ನು ನೀರಿಗೆ ಬಿಟ್ಟ ಮೇಲೆ ಅದು ಗಾಳಿಯ ಪಾಲು. ಗಾಳಿಯ ಒತ್ತಡದಿಂದಲೇ ಚುಕ್ಕಾಣಿ ತಿರುಗುವಂಥ ಉಪಾಯಗಳನ್ನು ಹುಡುಕಿದರು. 1930ರ ದಶಕದಲ್ಲಿ ಗಾಳಿಪಟ್ಟಿಯೊಂದು ಚುಕ್ಕಾಣಿಯನ್ನು ನಡೆಸುವ 'ವೇನ್' ವ್ಯವಸ್ಥೆ ಬಳಕೆಗೆ ಬಂತು. ದೋಣಿಯವರು ದಡದುದ್ದಕ್ಕೂ ಅದರ ಜೊತೆಗೇ ನಡೆದು, ಅದು ಅಂಚಿಗೆ ಬಂದಾಗ ಕೋಲಿನಿಂದ ತಿರುಗಿಸಿ ಕಳಿಸಬೇಕಿತ್ತು. ಇಂಗ್ಲೆಂಡಿನ ಲ್ಯಾಂಕಶೈರ್ ಕರಾವಳಿಯ ಫ್ಲೀಟ್‌ವುಡ್‌ನಲ್ಲಿ ಇಂಥ ರೇಸುಗಳಿಗೆಂದೇ ಉದ್ದನೆಯ ಕೊಳ ಕಟ್ಟಿದ್ದಾರೆ. ಇಂದಿಗೂ ಅದು ಈ ಕ್ರೀಡೆಯ ಹೆಸರಾಂತ ತಾಣ.

ಅದೇ ಕಾಲದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಮಾರ್ಬಲ್‌ಹೆಡ್ ಊರಿನ ರಾಯ್ ಕ್ಲಫ್ ಒಂದು ಸರಳ ಸೂತ್ರ ಮುಂದಿಟ್ಟರು: ಒಡಲು 50 ಅಂಗುಲ, ಹಾಯಿ 800 ಚದರ ಅಂಗುಲ, ಉಳಿದದ್ದು ನಿಮ್ಮಿಷ್ಟ. ಮಾರ್ಬಲ್‌ಹೆಡ್ ವರ್ಗ ಹುಟ್ಟಿದ್ದು ಹೀಗೆ. ಕೋಲಿನ ಕಾಲದಿಂದ ರೇಡಿಯೊ ಕಾಲಕ್ಕೆ ದಾಟಿ ಬಂದ ಈ ವರ್ಗ ಈಗಲೂ ಜೀವಂತವಾಗಿದೆ.

ರೇಡಿಯೊ ಬಂದಾಗ ಹೊಸದೊಂದು ತೊಡಕೂ ಬಂತು. ಹಳೆಯ ಸೆಟ್‌ಗಳಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಕ್ರಿಸ್ಟಲ್, ಪ್ರತ್ಯೇಕ ತರಂಗ ಬೇಕಿತ್ತು. ಒಂದೇ ತರಂಗದಲ್ಲಿ ಇಬ್ಬರು ಸೆಟ್ ಚಾಲೂ ಮಾಡಿದರೆ ಇಬ್ಬರ ದೋಣಿಯೂ ಹತೋಟಿ ತಪ್ಪುತ್ತಿತ್ತು. ಯಾರ ಬಳಿ ಯಾವ ತರಂಗ ಎಂದು ದಡದಲ್ಲಿ ಹಲಗೆ ಇಟ್ಟು ಲೆಕ್ಕ ಇಡಬೇಕಿತ್ತು. 2.4 ಗಿಗಾಹರ್ಟ್ಸ್ ಸೆಟ್‌ಗಳು ಬಂದ ಮೇಲೆ ಪ್ರತಿ ಪೆಟ್ಟಿಗೆಯೂ ತನ್ನ ದೋಣಿಯನ್ನು ತಾನೇ ಗುರುತಿಸಿಕೊಳ್ಳುತ್ತದೆ. ಇಪ್ಪತ್ತು ಜನ ಒಟ್ಟಿಗೆ ರೇಸ್ ಮಾಡುವುದು ಸಲೀಸಾದದ್ದು ಆಮೇಲೆ.

ಕೊನೆಯ ಅರವತ್ತು ಸೆಕೆಂಡು

ರೇಸಿನ ಹೃದಯ ಇರುವುದು ಅದರ ಆರಂಭದಲ್ಲಿ. ನೀರಿನ ಮೇಲೆ ತೇಲುವ ಎರಡು ಮಾರ್ಕ್‌ಗಳ ನಡುವೆ ಕಣ್ಣಿಗೆ ಕಾಣದ ಒಂದು ಗೆರೆ, ಅದೇ ಸ್ಟಾರ್ಟ್ ಲೈನ್. ಓಟಗಾರರ ಹಾಗೆ ಅದರ ಹಿಂದೆ ನಿಂತು ಕಾಯುವಂತಿಲ್ಲ. ಗಾಳಿಯಲ್ಲಿ ಹಾಯಿದೋಣಿ ನಿಲ್ಲುವುದಿಲ್ಲ, ಜಾರುತ್ತಲೇ ಇರುತ್ತದೆ.

ಒಂದೊಂದು ನಿಮಿಷದ ಅಂತರದಲ್ಲಿ ಎರಡು ಸೂಚನೆ, ಮೂರನೆಯದಕ್ಕೆ ರೇಸ್ ಶುರು. ಕೊನೆಯ ನಿಮಿಷದಲ್ಲಿ ಪ್ರತಿ ಹತ್ತು ಸೆಕೆಂಡಿಗೊಮ್ಮೆ ಎಣಿಕೆ ಕೂಗುತ್ತಾರೆ, ಕಡೆಯ ಹತ್ತರಲ್ಲಿ ಪ್ರತಿ ಸೆಕೆಂಡಿಗೂ. ಮೂವತ್ತು ಎನ್ನುವ ಹೊತ್ತಿಗೆ ಇಪ್ಪತ್ತು ದೋಣಿಗಳು ಲೈನಿನ ಹಿಂದೆ ಜಾಗಕ್ಕಾಗಿ ತಡಕಾಡುತ್ತಿರುತ್ತವೆ. ಹಾಯಿ ಸಡಿಲ ಬಿಟ್ಟು ಪಟಪಟ ಎನ್ನಿಸುತ್ತಾ ನಿಧಾನಿಸುವವರು, ಕೆಳಗಿನ ಬದಿಯಲ್ಲಿ ಒಂದಿಷ್ಟು ಖಾಲಿ ನೀರು ಕಾಪಾಡಿಕೊಳ್ಳುವವರು, ಆ ಖಾಲಿಗೆ ತೂರಲು ಬರುವವರು. ಐದು ಎನ್ನುವಾಗ ಹಾಯಿಯ ಹಗ್ಗ ಬಿಗಿದು ವೇಗ ಹಿಡಿಯಬೇಕು. ಒಂದು ಮೀಟರ್ ದೋಣಿಯ ಒಡಲು ಸಹಜವಾಗಿ ತಲುಪುವ ವೇಗ ಗಂಟೆಗೆ ಸುಮಾರು 4.5 ಕಿಲೊಮೀಟರ್, ಮನುಷ್ಯರ ನಡಿಗೆಯಷ್ಟು. ಆದರೂ ಒಂದು ಸೆಕೆಂಡಿಗೆ ಅದು ತನ್ನ ಉದ್ದಕ್ಕಿಂತ ಹೆಚ್ಚು ದೂರ ಹೋಗುತ್ತದೆ. ಒಂದು ಸೆಕೆಂಡ್ ಮೊದಲೇ ಹೊರಟರೆ ಮೂತಿ ಲೈನ್ ದಾಟಿಬಿಡುತ್ತದೆ. ಮತ್ತೆ ಹಿಂದೆ ಬಂದು ಹೊಸದಾಗಿ ಹೊರಡುವಷ್ಟರಲ್ಲಿ ಎಲ್ಲರೂ ಮುಂದೆ ಹೋಗಿರುತ್ತಾರೆ. ಒಂದು ಸೆಕೆಂಡ್ ತಡವಾದರೆ ಮುಂದಿನವರ ಹಾಯಿ ಕಲಕಿದ ಕೆಟ್ಟ ಗಾಳಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ.

ಅಲ್ಲಿಂದ ಗಾಳಿ ಬರುವ ದಿಕ್ಕಿನ ಮಾರ್ಕ್‌ಗೆ ಹೋಗಬೇಕು. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಓರೆಯಾಗಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಟ್ಯಾಕ್ ಮಾಡುತ್ತಾ ಏರಬೇಕು. ಮಾರ್ಕ್ ಸುತ್ತಿ, ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಕೆಳಗೆ ಬರಬೇಕು. ಇಂಥ ಕೆಲವು ಸುತ್ತುಗಳಲ್ಲಿ ಒಂದು ರೇಸ್ ಮುಗಿಯುತ್ತದೆ. ದಿನವಿಡೀ ರೇಸಿನ ಮೇಲೆ ರೇಸ್.

ಕೆನ್ನೆಗೆ ಗಾಳಿ ತಾಗದ ನಾವಿಕರು

ದೊಡ್ಡ ದೋಣಿಯಲ್ಲಿ ಕುಳಿತವರಿಗೆ ಗಾಳಿ ಕೆನ್ನೆಗೆ ತಾಗಿ ತನ್ನ ದಿಕ್ಕು ಹೇಳುತ್ತದೆ. ಚುಕ್ಕಾಣಿಯ ಹಿಡಿಕೆ ಕೈಯಲ್ಲಿ ಎಳೆದು, ದೋಣಿ ಹದ ತಪ್ಪಿದ್ದನ್ನು ತಿಳಿಸುತ್ತದೆ. ಪೃಷ್ಠದಡಿ ದೋಣಿ ವಾಲಿದ್ದು ಮೈಗೇ ಗೊತ್ತಾಗುತ್ತದೆ. ರೇಡಿಯೊ ನಾವಿಕರಿಗೆ ಇದಾವುದೂ ಇಲ್ಲ. ಅವರು ನಿಂತ ಜಾಗದ ಗಾಳಿ ಬೇರೆ, ಎಂಬತ್ತು ಮೀಟರ್ ದೂರದಲ್ಲಿ ದೋಣಿಗೆ ಸಿಕ್ಕ ಗಾಳಿ ಬೇರೆ. ಅಷ್ಟೇ ಅಲ್ಲ, ನೀರಿಗೆ ಹತ್ತಿರವಾದಷ್ಟೂ ಗಾಳಿ ನಿಧಾನ. ದಡದ ಮರ, ಕಟ್ಟಡಗಳು ಅದನ್ನು ಒಡೆದು ಸುಳಿ ಮಾಡುತ್ತವೆ. ಈ ಪುಟ್ಟ ಹಾಯಿಗಳು ಓಡುವುದೇ ಆ ತಗ್ಗಿನ ಗೊಂದಲದ ಗಾಳಿಯಲ್ಲಿ.

ಹಾಗಾಗಿ ಎಲ್ಲವನ್ನೂ ಕಣ್ಣಿನಿಂದಲೇ ತಿಳಿಯಬೇಕು. ನುರಿತವರು ತಮ್ಮ ದೋಣಿಯನ್ನು ನೋಡುವುದು ಕಡಿಮೆ, ಅದರ ಮುಂದಿನ ನೀರನ್ನು ನೋಡುವುದು ಹೆಚ್ಚು. ಮೇಲ್ಮೈ ಕಪ್ಪಾಗಿ ಸಣ್ಣಗೆ ಸುಕ್ಕುಗಟ್ಟಿದ ಕಡೆ ಗಾಳಿಯ ಒತ್ತಡ ಇದೆ. ಆ ಕಪ್ಪು ಮಚ್ಚೆ ಯಾವ ಕಡೆಗೆ ಸರಿಯುತ್ತಿದೆ, ತಮ್ಮ ದೋಣಿ ಅಲ್ಲಿಗೆ ತಲುಪುವಾಗ ಅದು ಎಲ್ಲಿರುತ್ತದೆ ಎಂದು ಅಂದಾಜು ಮಾಡುತ್ತಾರೆ. ಎಡಗಡೆಯ ನಾಲ್ಕಾರು ದೋಣಿಗಳ ಮೂತಿ ಒಮ್ಮೆಲೇ ಮಾರ್ಕ್‌ನತ್ತ ತಿರುಗಿದರೆ ಗಾಳಿ ಆ ಬದಿಗೆ ಒಲಿದಿದೆ ಎಂದರ್ಥ. ಮುಂದಿನ ಹಾಯಿಯ ಅಂಚು ಸ್ವಲ್ಪ ನಡುಗಿದರೂ ದೋಣಿ ಗಾಳಿಗೆ ತೀರಾ ಹತ್ತಿರ ಹೋಯಿತೆಂದು ತಿಳಿದು ಹೆಬ್ಬೆರಳು ಒಂದು ಕೂದಲೆಳೆಯಷ್ಟು ಸರಿಯುತ್ತದೆ.

ಹೊಸಬರನ್ನು ಮೊದಲು ಕಾಡುವುದು ಇನ್ನೊಂದು ತೊಡಕು. ದೋಣಿ ನಮ್ಮಿಂದ ದೂರ ಹೋಗುವಾಗ ಅದರ ಬಲವೂ ನಮ್ಮ ಬಲವೂ ಒಂದೇ. ನಮ್ಮತ್ತ ಬರುವಾಗ ಅದರ ಬಲ ನಮ್ಮ ಎಡ. ಇಕ್ಕಟ್ಟಿನಲ್ಲಿ ಬೆರಳು ತಪ್ಪು ಕಡೆಗೆ ಒತ್ತುತ್ತದೆ. ಅಭ್ಯಾಸವಾದ ಮೇಲೆ ಮನಸ್ಸು ದೋಣಿಯೊಳಗೆ ಹೋಗಿ ಕುಳಿತುಬಿಡುತ್ತದೆ, ಎಡ ಬಲದ ಲೆಕ್ಕವೇ ಹಾಕಬೇಕಾಗುವುದಿಲ್ಲ. ದೂರದ ಅಂದಾಜು ಮಾತ್ರ ಅನುಭವಿಗಳನ್ನೂ ಬಿಟ್ಟಿಲ್ಲ. ದೂರದಲ್ಲಿ ಒಂದರ ಮುಂದೊಂದು ದಾಟುವ ಎರಡು ದೋಣಿಗಳ ನಡುವೆ ಒಂದು ಮೀಟರ್ ಇದೆಯೇ, ಒಂದು ಗೇಣು ಇದೆಯೇ ಎಂದು ದಡದಿಂದ ಹೇಳುವುದು ಬಹಳ ಕಷ್ಟ.

ತಪ್ಪಿಗೆ ಒಂದು ಸುತ್ತು

ಢಿಕ್ಕಿಗಳು ಆಗುವುದು ಇಂಥ ಕಡೆಗಳಲ್ಲೇ. ನಿಯಮದ ಬುನಾದಿ ದೊಡ್ಡ ದೋಣಿಗಳದ್ದೇ. ಬಲಬದಿಯಿಂದ ಗಾಳಿ ಪಡೆಯುತ್ತಿರುವ ದೋಣಿ ಸ್ಟಾರ್‌ಬೋರ್ಡ್ ಟ್ಯಾಕ್‌ನಲ್ಲಿದೆ, ಹಕ್ಕು ಅದರದ್ದು. ಎಡಬದಿಯಿಂದ ಗಾಳಿ ಪಡೆಯುವ ಪೋರ್ಟ್ ಟ್ಯಾಕ್ ದೋಣಿ ದಾರಿ ಬಿಡಬೇಕು. ಇಬ್ಬರೂ ಒಂದೇ ಟ್ಯಾಕ್‌ನಲ್ಲಿದ್ದು ಅಕ್ಕಪಕ್ಕ ಬಂದರೆ ಗಾಳಿಯ ಕಡೆ ಇರುವವರು ಸರಿಯಬೇಕು. ಮಾರ್ಕ್‌ನ ಸುತ್ತ ನಾಲ್ಕು ದೋಣಿ ಉದ್ದದ ವಲಯದಲ್ಲಿ ಒಳಗಿನವರಿಗೆ ಜಾಗ ಕೊಡಬೇಕು.

ಎಲ್ಲರೂ ದಡದ ಒಂದೇ ಗುರುತಿಸಿದ ಜಾಗದಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತಿರುವುದರಿಂದ ಇಲ್ಲಿ ಕೂಗಿಗೂ ನಿಯಮವಿದೆ. ದೋಣಿಯನ್ನು ಹಾಯಿಯ ಮೇಲಿನ ಸಂಖ್ಯೆಯಿಂದ ಕರೆಯಬೇಕು, ಅದೂ ಒಂದೊಂದೇ ಅಂಕಿ ಬಿಡಿಸಿ. 'ಹದಿನೈದು' ಎನ್ನುವಂತಿಲ್ಲ, 'ಒಂದು ಐದು' ಎನ್ನಬೇಕು. ಇಪ್ಪತ್ತು ಬಾಯಿಗಳ ಗದ್ದಲದಲ್ಲಿ ಕಿವಿ ತಪ್ಪು ಕೇಳಬಾರದು ಎಂದು ಈ ಎಚ್ಚರ. ರೇಡಿಯೊ ಕೈಕೊಟ್ಟರೆ ತಕ್ಷಣ ತಮ್ಮ ಸಂಖ್ಯೆ ಹೇಳಿ 'ಔಟ್ ಆಫ್ ಕಂಟ್ರೋಲ್' ಎಂದು ಕೂಗಬೇಕು. ಅಲ್ಲಿಂದ ಆ ದೋಣಿ ರೇಸಿನಲ್ಲಿಲ್ಲ, ಮಿಕ್ಕವರಿಗೆ ಅದೊಂದು ಅಡ್ಡಿ ಅಷ್ಟೇ.

ತಪ್ಪು ಮಾಡಿದವರಿಗೆ ಶಿಕ್ಷೆ ಒಂದು ಪೂರ್ಣ ಸುತ್ತು. ಮಿಕ್ಕವರಿಂದ ದೂರ ಸರಿದು ದೋಣಿಯನ್ನು ಒಂದು ಗಿರಕಿ ಹೊಡೆಸಿ ಮುಂದುವರಿಯಬೇಕು. ದೊಡ್ಡ ರೆಗಟ್ಟಾಗಳಲ್ಲಿ ವೀಕ್ಷಕರು ತಾಗಿದ್ದನ್ನು ಕೂಗಿ ಹೇಳುತ್ತಾರೆ. ಹಾಗಿದ್ದರೂ ಬಹುಪಾಲು ಗಿರಕಿಗಳು ತಪ್ಪು ಮಾಡಿದವರೇ ಒಪ್ಪಿಕೊಂಡು ಹೊಡೆಯುವಂಥವು. ಎದುರಾಳಿ ಪಕ್ಕದಲ್ಲೇ ನಿಂತಿರುತ್ತಾರೆ, ಮುಂದಿನ ರೇಸಿಗೂ ಅವರ ಪಕ್ಕದಲ್ಲೇ ನಿಲ್ಲಬೇಕು. ಈ ಕ್ರೀಡೆ ನಿಂತಿರುವುದು ಈ ಮರ್ಯಾದೆಯ ಮೇಲೆ. ಸ್ಪರ್ಧೆಯ ಬಿಸಿಯಲ್ಲೂ 'ನನ್ನದೇ ತಪ್ಪು' ಎಂದು ಸುತ್ತು ಹೊಡೆಯುವವರನ್ನು ಕಂಡರೆ ನನಗೆ ಗೆದ್ದವರಿಗಿಂತ ಒಂದು ಗುಲಗಂಜಿ ಹೆಚ್ಚೇ ಗೌರವ.

ಮೇಲಕ್ಕೆ ನಾಲ್ವರು, ಕೆಳಕ್ಕೆ ನಾಲ್ವರು

ಇಂಗ್ಲೆಂಡಿನ ವೆಸ್ಟ್ ಕರ್ಬಿಯ ಮರೀನ್ ಲೇಕ್‌ನಲ್ಲಿ 2011ರಲ್ಲಿ, ಕ್ಯಾಲಿಫೋರ್ನಿಯಾದ ಫಾಸ್ಟರ್ ಸಿಟಿಯಲ್ಲಿ 2015ರಲ್ಲಿ ಐಒಎಂ ವಿಶ್ವ ಚಾಂಪಿಯನ್‌ಷಿಪ್‌ಗಳು ನಡೆದವು. ಇಂಥ ಕೂಟಗಳಿಗೆ ಬರುವ ದೋಣಿಗಳನ್ನೆಲ್ಲ ಒಂದೇ ಲೈನಿನಲ್ಲಿ ನಿಲ್ಲಿಸಲಾಗದು. ಅದಕ್ಕೆ ಹೀಟ್ ಪದ್ಧತಿ. ಮೊದಲ ಸುತ್ತಿನ ಫಲ ನೋಡಿ ಎಲ್ಲರನ್ನೂ ಎ, ಬಿ, ಸಿ, ಡಿ ಎಂದು ಗುಂಪು ಮಾಡುತ್ತಾರೆ. ಪ್ರತಿ ರೇಸಿನಲ್ಲೂ ಕೆಳಗಿನ ಗುಂಪು ಮೊದಲು ನೀರಿಗಿಳಿಯುತ್ತದೆ. ಸಾಮಾನ್ಯವಾಗಿ ಅದರಲ್ಲಿ ಮೊದಲ ನಾಲ್ಕು ಸ್ಥಾನ ಪಡೆದವರು ಆಗಲೇ ಮೇಲಿನ ಗುಂಪಿನೊಂದಿಗೆ ಮತ್ತೆ ರೇಸ್ ಮಾಡುತ್ತಾರೆ. ಮೇಲಿನ ಗುಂಪಿನ ಕೊನೆಯ ನಾಲ್ವರು ಮುಂದಿನ ರೇಸಿಗೆ ಕೆಳಗಿಳಿಯುತ್ತಾರೆ.

ಬೆಳಗ್ಗೆ ಎಡವಿ ಡಿ ಗುಂಪಿಗೆ ಬಿದ್ದವರೂ ಒಂದೇ ರೇಸಿನಲ್ಲಿ ಡಿಯಿಂದ ಸಿ, ಸಿಯಿಂದ ಬಿ, ಬಿಯಿಂದ ಎಗೆ ಏರಿ ಬರಬಹುದು. ಬ್ಯಾಟರಿ ಬದಲಿಸಲೂ ಪುರುಸೊತ್ತಿಲ್ಲದೆ ಸಾಲಾಗಿ ನಾಲ್ಕು ಹೀಟ್ ಆಡಿ ಮೇಲೆ ಬಂದವರ ಮುಖದಲ್ಲಿರುವ ದಣಿವು ಮೈಯದ್ದಲ್ಲ, ಗಮನದ್ದು. ಮೊದಲ ಸ್ಥಾನಕ್ಕೆ ಒಂದು ಅಂಕ, ಎರಡನೆಯದಕ್ಕೆ ಎರಡು. ಎಲ್ಲ ಕೂಡಿದಾಗ ಕಡಿಮೆ ಅಂಕದವರು ಗೆದ್ದಂತೆ. ರೇಸುಗಳು ಹೆಚ್ಚಾದಂತೆ ಕೆಟ್ಟ ಫಲಿತಾಂಶ ಒಂದೆರಡನ್ನು ಬಿಟ್ಟು ಲೆಕ್ಕ ಹಾಕುತ್ತಾರೆ. ಒಂದೆರಡು ರೇಸ್ ಗೆದ್ದು ಮಿಕ್ಕವುಗಳಲ್ಲಿ ಮುಗ್ಗರಿಸಿದವರಿಗಿಂತ ಪ್ರತಿ ಸಲವೂ ನಾಲ್ಕನೆಯವರಾಗಿ ಬಂದವರು ಮುಂದಿರುತ್ತಾರೆ. ರೆಗಟ್ಟಾ ಬೆಲೆ ಕೊಡುವುದು ಈ ಹದಕ್ಕೆ.

ನಮ್ಮ ನೀರಿಗೆ ಈ ಆಟ

ಈ ಕ್ರೀಡೆಯ ಬೇರುಗಳು ನಮ್ಮವಲ್ಲ. ಆದರೂ ಅದಕ್ಕೆ ತೀರ ಹತ್ತಿರದ ಕೆಲಸ ಇಲ್ಲಿ ನಡೆದೇ ಇದೆ. ಎನ್‌ಸಿಸಿ ನೌಕಾ ವಿಭಾಗದ ಕೆಡೆಟ್‌ಗಳು ಹಡಗಿನ ಮಾದರಿ ಕಟ್ಟುವುದನ್ನು ಕಲಿಯುತ್ತಾರೆ. ಅಖಿಲ ಭಾರತ ನೌ ಸೈನಿಕ ಶಿಬಿರದ ಸ್ಪರ್ಧೆಗಳಲ್ಲಿ ಅದೂ ಒಂದು, ಕಾರವಾರವೂ ಆ ಶಿಬಿರಕ್ಕೆ ಆತಿಥ್ಯ ನೀಡಿದೆ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಹಾಯಿದೋಣಿ ಅಭ್ಯಾಸ ಮಾಡುತ್ತಾ ಬಂದಿದ್ದಾರೆ. ಮಾದರಿ ಕಟ್ಟುವ ಕೈಗಳೂ ಹಾಯಿ ಬಲ್ಲ ಕಣ್ಣುಗಳೂ ಇಲ್ಲಿವೆ.

ಈ ಆಟಕ್ಕೆ ಬೇಕಾದ ನೀರು ದೊಡ್ಡದೇನಲ್ಲ. ರೆಕ್ಕೆ ತಾಗದಷ್ಟು ಆಳ, ಮರಗಳ ಮರೆಯಿಲ್ಲದ ಒಂದು ದಡ, ಗಾಳಿ ಇದ್ದರೆ ಸಾಕು. ಕಳೆ ಮಾತ್ರ ಕೂಡದು. ರೆಕ್ಕೆಗೆ ಒಂದು ಎಳೆ ಸುತ್ತಿಕೊಂಡರೂ ದೋಣಿಯ ವೇಗ ಇಳಿಯುತ್ತದೆ, ಅಂತರಗಂಗೆ ಹಬ್ಬಿದ ಕೆರೆಯಲ್ಲಂತೂ ರೇಸಿನ ಮಾತೇ ಇಲ್ಲ. ಕೆರೆ ಶುಚಿಯಾಗಿರಬೇಕೆಂದು ಹಟ ಹಿಡಿಯುವವರ ಸಾಲಿಗೆ ಇದರಿಂದ ಇನ್ನೊಂದಷ್ಟು ಜನ ಸೇರಿದರೆ ಅದೂ ಲಾಭವೇ.

ಎಪ್ಪತ್ತರ ಅಜ್ಜಿಯೂ ಹದಿನಾಲ್ಕರ ಮೊಮ್ಮಗನೂ ಗಾಲಿಕುರ್ಚಿಯಲ್ಲಿ ಕುಳಿತವರೂ ಒಂದೇ ಲೈನಿನಿಂದ, ಯಾರಿಗೂ ರಿಯಾಯಿತಿ ಇಲ್ಲದೆ ಹೊರಡಬಹುದಾದ ಆಟಗಳು ಎಷ್ಟಿವೆ? ಬಲ, ಎತ್ತರ, ಉಸಿರು ಇವೆಲ್ಲ ಲೆಕ್ಕಕ್ಕಿಲ್ಲದ ಇಲ್ಲಿ ಉಳಿಯುವುದು ನೋಡುವುದು ಮತ್ತು ನಿರ್ಧರಿಸುವುದು ಎರಡೇ. ಒಂದು ಶಾಲೆ, ಒಂದು ಕಾಲೇಜು, ಒಂದು ಬಡಾವಣೆಯ ಕೆಲವು ಗೆಳೆಯರು ಎರಡು ದೋಣಿಗಳಿಂದ ಶುರು ಮಾಡಬಹುದು. ಎರಡು ದೋಣಿ, ಎರಡು ಮಾರ್ಕ್ ಇದ್ದರೆ ರೇಸ್ ಆಯಿತು. ಗಾಳಿ ಓದುವುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.